ಕೊನೆಯ ಲಾರಿಗೇ ಯಾಕೆ ಡೀಸೆಲ್ ಜಾಸ್ತಿ?

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನನ್ನ ಹತ್ತಿರ ಕೆಲಸ ಮಾಡುವ ಒಬ್ಬ ಹುಡುಗನನ್ನು ನಾನು ಡೀಸೆಲ್ ಕಳ್ಳ ಅಂದುಕೊಂಡಿದ್ದೆ.

ನನ್ನದು ಹಾಸನ. ಹತ್ತು ಚಕ್ರದ ಐದು ಲಾರಿ ಇವೆ. ಹೋಗುವಾಗ ಇಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಿಂದ ಮಂಗಳೂರಿಗೆ ಕಾಫಿ ಚೀಲ, ಬರುವಾಗ ಹೆಚ್ಚಾಗಿ ಗೊಬ್ಬರ. ದಾರಿ ಶಿರಾಡಿ ಘಾಟಿ. ಐದೂ ಲಾರಿ ಒಟ್ಟಿಗೆ ಹೊರಡುವುದು ನಮ್ಮಲ್ಲಿ ಮೊದಲಿನಿಂದಲೂ ರೂಢಿ. ಒಂದೇ ಆರ್ಡರ್, ಒಂದೇ ಹೊತ್ತಿಗೆ ಲೋಡ್, ಪಂಚರ್ ಆದರೆ ಕೈಗೆ ಜನ. ಹೊಸ ಹುಡುಗರಿಗೂ ರಾತ್ರಿ ಹೊತ್ತು ಘಾಟಿಯಲ್ಲಿ ಒಂದು ಧೈರ್ಯ.

ಪ್ರತಿ ಟ್ರಿಪ್ ಮುಗಿದ ಮೇಲೆ ನಾನು ಲೆಕ್ಕ ಬರೆಯುತ್ತೇನೆ. ಟ್ಯಾಂಕ್ ಫುಲ್ ಮಾಡಿ ಹೊರಡೋದು, ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡೋದು. ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಈ ಲೆಕ್ಕದಲ್ಲಿ ಒಂದು ಲಾರಿ ಯಾವಾಗಲೂ ನಾಲ್ಕೈದು ಲೀಟರ್ ಜಾಸ್ತಿ ಕುಡಿಯುತ್ತಿತ್ತು. ಎಂಜಿನ್ ತೋರಿಸಿದೆ, ಏನೂ ಇಲ್ಲ. ಟೈರ್ ಗಾಳಿ ಸರಿ ಇತ್ತು. ಉಳಿದವನು ಡ್ರೈವರ್. ಎರಡು ತಿಂಗಳು ಸುಮ್ಮನಿದ್ದು, ಮೂರನೇ ತಿಂಗಳು ಅವನ ಸಂಬಳದಲ್ಲಿ ಹಿಡಿದುಕೊಂಡೆ. ಹುಡುಗ ಏನೂ ಅನ್ನಲಿಲ್ಲ. "ಅಣ್ಣ, ಒಂದು ಸಲ ನನ್ನ ಗಾಡಿ ಬೇರೆಯವರಿಗೆ ಕೊಟ್ಟು ನೋಡಿ" ಅಂದ, ಅಷ್ಟೇ.

ಕೊಟ್ಟೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರನ್ನ ಆ ಗಾಡಿಗೆ ಹಾಕಿದೆ. ಅವರನ್ನ ಎಲ್ಲರೂ ದೊಡ್ಡಣ್ಣ ಅಂತಲೇ ಕರೆಯೋದು. ಆವರೇಜ್ ಸರಿಹೋಯಿತು. ನೋಡಿದ್ಯಾ, ಹುಡುಗನದ್ದೇ ಕೈಚಳಕ ಅಂದುಕೊಂಡೆ. ಆದರೆ ಹುಡುಗ ಓಡಿಸಿದ ಗಾಡಿಯೂ ಆ ಟ್ರಿಪ್‌ನಲ್ಲಿ ಸರಿಯಾಗೇ ಇತ್ತು. ಜಾಸ್ತಿ ಕುಡಿದದ್ದು ಮೂರನೆಯದೇ ಒಂದು ಲಾರಿ. ಅದಕ್ಕೆ ಯಾವತ್ತೂ ತಕರಾರು ಇರಲಿಲ್ಲ. ತಲೆ ಕೆರೆದುಕೊಂಡು ಕೂತೆ. ಆಮೇಲೆ ಹೊಳೆಯಿತು: ಆವತ್ತು ಸಾಲಿನಲ್ಲಿ ಕೊನೆಗೆ ಇದ್ದದ್ದು ಅದು. ಹುಡುಗ ಹೊಸಬ ಅಂತ ಅವನನ್ನ ಯಾವಾಗಲೂ ಕೊನೆಗೆ ಬಿಡುತ್ತಿದ್ದೆವು. ಆವತ್ತು ದೊಡ್ಡಣ್ಣ ತಮ್ಮ ಅಭ್ಯಾಸದಂತೆ ಮುಂದೆ ಹೋಗಿದ್ದರು, ಹುಡುಗ ಅವರ ಬೆನ್ನಿಗೆ.

ಅಂದರೆ ಡೀಸೆಲ್ ಕದಿಯುತ್ತಿದ್ದದ್ದು ಜಾಗ!

ಮುಂದಿನ ಟ್ರಿಪ್‌ಗೆ ನಾನೇ ಕೊನೆಯ ಲಾರಿ ಹತ್ತಿದೆ. ಓನರ್ ಆಗುವ ಮೊದಲು ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದವನು ನಾನು. ಆದರೂ ಇದನ್ನ ಗಮನಿಸಿರಲಿಲ್ಲ. ವಾಪಸ್ ಬರುವಾಗ ಘಾಟಿಯ ಬುಡದ ಗುಂಡ್ಯ ದಾಟಿ ಏರು ಶುರುವಾಯಿತು. ಒಂದು ತಿರುವು ಹೇಳುತ್ತೇನೆ. ತಿರುವಿಗೆ ಮುಂಚೆ ಸ್ವಲ್ಪ ಮಟ್ಟ, ತಿರುಗುತ್ತಿದ್ದ ಹಾಗೇ ಗಟ್ಟಿ ಏರು, ಮೇಲೆ ಮತ್ತೆ ಸಲೀಸು. ಮೊದಲ ಲಾರಿ ಏರಿಗೆ ಬಿದ್ದು 20ಕ್ಕೆ ಇಳಿಯಿತು. ಎರಡನೆಯವನು ಇನ್ನೂ ಮಟ್ಟದಲ್ಲೇ ಇದ್ದ. ಹತ್ತಿರ ಬಂತು ಅಂತ ಬ್ರೇಕ್ ಒತ್ತಿದ. ಮೂರನೆಯವನು ಇನ್ನೂ ಜೋರಾಗಿ ಒತ್ತಿದ. ನನ್ನ ತನಕ ಬರುವ ಹೊತ್ತಿಗೆ ನಾನು ನಿಂತೇಬಿಟ್ಟೆ. ಏರು ಹತ್ತೋಕೆ ಬೇಕಿದ್ದ ಓಟವೆಲ್ಲ ಮಟ್ಟದ ರಸ್ತೆಯಲ್ಲೇ ಬ್ರೇಕ್ ಲೈನರ್‌ಗೆ ಹೋಯಿತು. ಫಸ್ಟ್ ಗೇರಿನಲ್ಲಿ ಎದ್ದು ಏರಿನ ನಡುವೆ ಬಂದೆ. ಅಷ್ಟರಲ್ಲಿ ಮುಂದಿನವನು ಮೇಲೆ ಸಲೀಸು ಸಿಕ್ಕಿ ಓಡಿಬಿಟ್ಟ. ಸಾಲು ತಪ್ಪಬಾರದಲ್ವಾ? ಕಾಲು ಪೂರ್ತಿ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಮೇಲೆ ಹೋಗಿ ಸೇರಿಕೊಳ್ಳೋ ಹೊತ್ತಿಗೆ ಮುಂದಿನ ತಿರುವು, ಮತ್ತೆ ಬ್ರೇಕ್.

ಹಾರ್ಮೋನಿಯಂ ತಿದಿ ನೋಡಿದ್ದೀರಲ್ಲ, ಹಾಗೆ. ಮುಂದಿನ ಲಾರಿ ಸ್ವಲ್ಪ ನಿಧಾನವಾದರೆ ಸಾಲು ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಜೋರಾದರೆ ಬಿಚ್ಚಿಕೊಳ್ಳುತ್ತದೆ. ಇಡೀ ಎಳೆದಾಟ ಬೀಳೋದು ಕೊನೆಯವನ ಮೇಲೆ.

ಇದಕ್ಕೆಲ್ಲ ಎಷ್ಟು ಡೀಸೆಲ್ ಹೋಗುತ್ತೆ ಅಂತ ಅಕ್ಕನ ಮಗನನ್ನ ಕೇಳಿದೆ. ಅವನು ಸ್ಟಾಕ್‌ಹೋಮ್‌ನಲ್ಲಿ ಎಂಜಿನಿಯರಿಂಗ್ ಓದಿದವನು. ಫೋನಿನಲ್ಲೇ ಲೆಕ್ಕ ಹೇಳಿದ, ನಾನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ. 28 ಟನ್ ಲಾರಿ 40ರ ವೇಗದಲ್ಲಿದ್ದು ಬ್ರೇಕ್ ಹಾಕಿ ನಿಂತರೆ, ಮತ್ತೆ ಅದೇ ವೇಗಕ್ಕೆ ಬರೋಕೆ ಸುಮಾರು 125 ಮಿಲಿಲೀಟರ್ ಡೀಸೆಲ್ ಬೇಕು. ಒಂದು ಲೋಟ ಕಾಫಿಯಷ್ಟು. ಘಾಟಿಯಲ್ಲಿ ಇಪ್ಪತ್ತು ಸಲ ಹಾಗೆ ಮಾಡಿದರೆ ಎರಡೂವರೆ ಲೀಟರ್. ಅದು ಬರೀ ನಿಂತು ಎದ್ದದ್ದಕ್ಕೆ. ತಪ್ಪು ಗೇರಿನಲ್ಲಿ ಕಾಲು ಒತ್ತಿ ಹೊಗೆ ಬಿಟ್ಟದ್ದು, ಕ್ಲಚ್ ಸುಟ್ಟದ್ದು ಬೇರೆ.

ಇನ್ನೊಂದು ಲೆಕ್ಕವನ್ನೂ ಅವನೇ ಹೇಳಿದ. ಗುಂಡ್ಯದಿಂದ ಸಕಲೇಶಪುರಕ್ಕೆ ಹೆಚ್ಚುಕಮ್ಮಿ 800 ಮೀಟರ್ ಎತ್ತರ. 28 ಟನ್ನನ್ನ ಅಷ್ಟು ಮೇಲೆ ಎತ್ತೋಕೇ ಸುಮಾರು 16 ಲೀಟರ್ ಡೀಸೆಲ್ ಬೇಕು. ಯಾರು ಓಡಿಸಿದರೂ ಅದು ತಪ್ಪಿದ್ದಲ್ಲ. "ಮಾವ, ಆ ಹದಿನಾರನ್ನ ಮುಟ್ಟೋಕೆ ಆಗಲ್ಲ. ಅದರ ಮೇಲೆ ಖರ್ಚಾಗೋದನ್ನ ಮಾತ್ರ ಹಿಡೀಬೇಕು" ಅಂದ. ಈ ಮಾತು ನನಗೆ ಬಹಳ ಅನುಕೂಲ ಆಯಿತು. ಅಲ್ಲಿ ತನಕ ಆವರೇಜ್ ಕಮ್ಮಿ ಬಂದರೆ ಡ್ರೈವರ್‌ಗೆ ಸುಮ್ನೆ ಬಯ್ಯುತ್ತಿದ್ದೆ. ಈಗ ಏನಕ್ಕೆ ಬಯ್ಯಬೇಕು, ಏನಕ್ಕೆ ಬಯ್ಯಬಾರದು ಅಂತ ಗೊತ್ತು.

ಅವನೇ ಯುರೋಪಿನ ಕತೆಯನ್ನೂ ಹೇಳಿದ. ಅಲ್ಲಿ ಲಾರಿಗಳನ್ನ ವೈರ್‌ಲೆಸ್‌ನಿಂದ ಜೋಡಿಸಿ ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಓಡಿಸಿ ಪರೀಕ್ಷೆ ಮಾಡಿದ್ದಾರಂತೆ. ಪ್ಲಟೂನ್ ಅಂತ ಹೆಸರು. 2016ರಲ್ಲಿ ಆರು ಕಂಪನಿಗಳ ಲಾರಿಗಳು ಬೇರೆ ಬೇರೆ ಊರಿಂದ ಹೀಗೆ ಸಾಲಾಗಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ ಬಂದವು. ಮುಂದಿನ ಲಾರಿ ಗಾಳಿ ಸೀಳುತ್ತದೆ, ಹಿಂದಿನದಕ್ಕೆ ಡೀಸೆಲ್ ಉಳಿಯುತ್ತದೆ.

ಹಾಗಾದರೆ ನಾವೂ ಅಂಟಿಕೊಂಡೇ ಹೋಗೋಣ ಅಂದೆ. ಬೈದ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇರೋ ತಡೆ 20ಕ್ಕೆ ಬಂದರೆ ಹದಿನಾರರಲ್ಲಿ ಒಂದು ಪಾಲು. ಶಿರಾಡಿಯಲ್ಲಿ ಲೋಡ್ ಗಾಡಿ ಏರೋದೇ 20, 25ರಲ್ಲಿ. ಅಲ್ಲಿ ಹತ್ತಿರ ಹೋದರೆ ಲಾಭ ಏನೂ ಇಲ್ಲ, ಮುಂದಿನವನು ಹಿಂದಕ್ಕೆ ಜಾರಿದರೆ ಮಾತ್ರ ನಷ್ಟ.

ಆದರೆ ಅಲ್ಲೂ ಗುಡ್ಡದ ರಸ್ತೆಯಲ್ಲಿ ಇದೇ ತಿದಿ ಸಮಸ್ಯೆ ಬಂತಂತೆ. ಅಂತರವನ್ನ ಮೀಟರಿನಲ್ಲಿ ಹಿಡಿದಿಟ್ಟರೆ ಹಿಂದಿನ ಲಾರಿ ಇಳಿಜಾರಿನಲ್ಲಿ ಸುಮ್ಮಸುಮ್ಮನೆ ಬ್ರೇಕ್ ಹಾಕಬೇಕು. ಸ್ಟಾಕ್‌ಹೋಮ್‌ನ ಕೆಟಿಎಚ್ ವಿಶ್ವವಿದ್ಯಾಲಯದವರು ಸ್ವೀಡನ್ನಿನ ಲಾರಿ ಕಂಪನಿ ಸ್ಕಾನಿಯಾ ಜೊತೆ ಇದರ ಮೇಲೆ ಕೆಲಸ ಮಾಡಿದ್ದಾರೆ. ಅವರ ಉಪಾಯ ಕೇಳಿದರೆ ಬಲು ಸರಳ: ಒಂದೇ ಹೊತ್ತಿಗೆ ಎಲ್ಲ ಲಾರಿಗೂ ಒಂದೇ ವೇಗ ಬೇಡ, ಒಂದೇ ಜಾಗದಲ್ಲಿ ಎಲ್ಲ ಲಾರಿಗೂ ಒಂದೇ ವೇಗ ಇರಲಿ. ಮುಂದಿನವನು ಈ ಮೋರಿಯ ಹತ್ತಿರ 35ರಲ್ಲಿ ಹೋದನೋ, ಹಿಂದಿನವನೂ ಆ ಮೋರಿಗೆ ಬಂದಾಗ 35ರಲ್ಲಿ ಹೋಗಬೇಕು. ಮೊದಲಿನವನು ಏರಿನಲ್ಲಿ ನಿಧಾನವಾದಾಗ ನೀನು ಹೆದರಿ ಬ್ರೇಕ್ ಹಾಕಬೇಡ, ನಿನ್ನ ಏರು ಬಂದಾಗ ನೀನು ನಿಧಾನವಾಗು. ಆಗ ಅಡಿ ಲೆಕ್ಕದ ಅಂತರ ಹಿಗ್ಗುತ್ತೆ, ಕುಗ್ಗುತ್ತೆ. ಸೆಕೆಂಡ್ ಲೆಕ್ಕದ ಅಂತರ ಹಾಗೇ ಇರುತ್ತೆ.

ಅವರು ಇದನ್ನ ಕಂಪ್ಯೂಟರ್, ಜಿಪಿಎಸ್, ರಸ್ತೆಯ ಏರಿಳಿತದ ನಕ್ಷೆ ಇಟ್ಟುಕೊಂಡು ಮಾಡುತ್ತಾರೆ. ನನ್ನ ಹತ್ತಿರ ಇದ್ದದ್ದು ಹಳೆಯ ಕ್ಯಾಲೆಂಡರ್ ಹಾಳೆ.

ಖಾಲಿ ಲಾರಿಯಲ್ಲಲ್ಲ, ಪೂರ್ತಿ ಲೋಡ್ ಇದ್ದಾಗಲೇ ದೊಡ್ಡಣ್ಣನನ್ನ ಒಬ್ಬರೇ ಓಡಿಸಲು ಬಿಟ್ಟು ಪಕ್ಕದಲ್ಲಿ ಕೂತೆ. ಮುಂದೆ ಯಾರೂ ಇಲ್ಲದಾಗ ಅವರು ಎಲ್ಲಿ ಯಾವ ಗೇರ್ ಹಾಕುತ್ತಾರೆ, ಎಲ್ಲಿ ಕಾಲು ತೆಗೆಯುತ್ತಾರೆ ಅಂತ ಬರೆಯುತ್ತಾ ಹೋದೆ. ಗುಂಡ್ಯ, ಕೆಂಪುಹೊಳೆ, ಮಾರನಹಳ್ಳಿ, ದೋಣಿಗಾಲ್. ನಡುವೆ ಮೋರಿ, ಕಿಲೋಮೀಟರ್ ಕಲ್ಲು, ಹಳದಿ ಬೋರ್ಡು, ಒಂದು ಕಡೆ ಬಾಗಿದ ಮರ. ಒಂದು ವಿಷಯ ಕಣ್ಣಿಗೆ ಬಿತ್ತು. ಏರಿನ ನೆತ್ತಿ ಇನ್ನೂ ಐವತ್ತು ಅರವತ್ತು ಅಡಿ ಇರುವಾಗಲೇ ಅವರು ಕಾಲು ಸಡಿಲ ಬಿಡುತ್ತಾರೆ. ಯಾಕೆ ಅಂತ ಕೇಳಿದೆ. "ಆ ಕಡೆ ಇಳುಕಲು ಐತಲ್ಲಪ್ಪ. ಅದು ಪುಗ್ಸಟ್ಟೆ ಕೊಡೋ ಓಟಾನ ಇಲ್ಲಿ ಡೀಸೆಲ್ ಸುಟ್ಟು ಯಾಕೆ ತಗೋಬೇಕು, ಆಮೇಲೆ ಯಾಕೆ ಬ್ರೇಕ್ ಹಾಕ್ಬೇಕು?" ಅಂದರು. ಸ್ವೀಡನ್ನಿನ ಲಾರಿಯ ಕಂಪ್ಯೂಟರ್ ಮಾಡೋದೂ ಇದನ್ನೇ ಅಂತ ಅಕ್ಕನ ಮಗ ಆಮೇಲೆ ಹೇಳಿದ. ದೊಡ್ಡಣ್ಣನಿಗೆ ಹೇಳಿದೆ. ಅವರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಆ ಹಾಳೆಯನ್ನ ಐದು ಪ್ರತಿ ಮಾಡಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಇದರಿಂದ ಓಡಿಸುವಾಗ ಮೊಬೈಲ್ ಮುಟ್ಟೋ ಅಗತ್ಯವೇ ಇಲ್ಲ. ಎಲ್ಲಿ ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದರೆ ಮಾತಾಡೋಕೆ ಏನಿರುತ್ತೆ?

ಅಂತರಕ್ಕೆ ಹತ್ತು ಸೆಕೆಂಡ್ ಇಟ್ಟೆವು. ಮುಂದಿನ ಲಾರಿಯ ಹಿಂಭಾಗ ಒಂದು ಕಲ್ಲು ದಾಟಿದಾಗ ಎಣಿಸೋಕೆ ಶುರು, ನಾವು ಆ ಕಲ್ಲಿಗೆ ಬರುವಾಗ ಹತ್ತು ಆಗಿರಬೇಕು. ಮೊದಲ ಎರಡು ಟ್ರಿಪ್ ಹುಡುಗರು ಜೋರಾಗಿ ಎಣಿಸಿಕೊಂಡೇ ಹೋದರು, ಕ್ಲೀನರ್‌ಗಳಿಗೆ ನಗುವೋ ನಗು. ಆಮೇಲೆ ಕಣ್ಣಂದಾಜು ಕೂತಿತು. ಅತಿ ಕಷ್ಟ ಆದದ್ದು ಮಟ್ಟದಲ್ಲಿ ಮುಂದಿನ ಲಾರಿ ಹತ್ತಿರ ಬಂದಂತೆ ಕಂಡಾಗ ಬ್ರೇಕ್ ಹಾಕದೆ ಇರೋದು. ಹತ್ತು ಸೆಕೆಂಡ್ ಇದೆ ಅಂತ ಗೊತ್ತಿದ್ದರೂ ಕಾಲು ಕೇಳಲ್ಲ.

ಮುಂದೆ ಯಾರು ಇರಬೇಕು ಅನ್ನೋದರ ಮೇಲೆ ಜಗಳವೇ ಆಯಿತು. ನಮ್ಮಲ್ಲಿ ಎರಡು ಹಳೆಯ ಲಾರಿ, ಮೂರು ಹೊಸವು. 2018ರಲ್ಲಿ ಹತ್ತು ಚಕ್ರದ ಲಾರಿಯ ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತಲ್ಲ, ಆಮೇಲೆ ಬಂದ ಗಾಡಿಗಳು ಜಾಸ್ತಿ ಹೊರುತ್ತವೆ. ಒಂದೊಂದರ ಏರುವ ಶಕ್ತಿ ಒಂದೊಂದು ಥರ. ದೊಡ್ಡಣ್ಣ ತಾವೇ ಮುಂದೆ ಅಂತ ಪಟ್ಟು. ನಾನು ಹೇಳಿದೆ, ಡ್ರೈವರ್ ನೋಡಿ ಸಾಲು ಮಾಡೋದು ಬೇಡ, ಗಾಡಿ ನೋಡಿ ಮಾಡೋಣ. ಏರಿನಲ್ಲಿ ಯಾವುದು ಮೊದಲು ಸುಸ್ತಾಗುತ್ತೋ ಅದು ಮುಂದೆ. ಗಟ್ಟಿ ಗಾಡಿ ಮುಂದೆ ಹೋದರೆ ಬಡ ಗಾಡಿ ಅದನ್ನ ಹಿಡಿಯೋಕೆ ಏದುಸಿರು ಬಿಡುತ್ತೆ. ಬಡ ಗಾಡಿ ಮುಂದಿದ್ದರೆ ಗಟ್ಟಿ ಗಾಡಿಗೆ ಹಿಂದೆ ಬರೋದು ಆಟ. ಕೊನೆಗೆ ದೊಡ್ಡಣ್ಣನೇ ಆ ಹಳೆಯ ಗಾಡಿ ಹತ್ತಿ ಮುಂದೆ ಹೋದರು. ಮಾನವೂ ಉಳಿಯಿತು, ಡೀಸೆಲೂ ಉಳಿಯಿತು.

ಐದೂ ಒಂದೇ ಸಾಲು ಅನ್ನೋದನ್ನ ಮಾತ್ರ ನಾನೇ ಬಿಟ್ಟೆ. ಐದು ಲಾರಿ ಉದ್ದಕ್ಕೂ ನಿಧಾನ ಹೋದರೆ ಹಿಂದಿನ ಕಾರಿನವರಿಗೆ ತಡೆಯಲಾಗಲ್ಲ. ತಿರುವಿನಲ್ಲೇ ನುಗ್ಗುತ್ತಾರೆ. ಒಂದು ಸಲ ಬಸ್ಸೊಂದು ಹೀಗೇ ನುಗ್ಗಿ, ಎದುರಿಗೆ ಟ್ಯಾಂಕರ್ ಬಂದು, ನನ್ನ ಮೂರನೇ ಲಾರಿಯ ಮುಂದೆ ಅಡ್ಡ ತೂರಿಕೊಂಡಿತು. ಕೂದಲೆಳೆಯಲ್ಲಿ ಉಳಿದೆವು. ಆವತ್ತಿಂದ ಗುಂಡ್ಯದಲ್ಲಿ ಚಹಾ ಕುಡಿದು ಎರಡು ಲಾರಿ ಮೊದಲು, ಹದಿನೈದು ನಿಮಿಷ ಬಿಟ್ಟು ಉಳಿದ ಮೂರು. ಹತ್ತು ಸೆಕೆಂಡ್ ಜಾಗದಲ್ಲಿ ಕಾರು ಬಂದು ಸೇರಿಕೊಂಡರೆ ಸೇರಿಕೊಳ್ಳಲಿ. ಅದು ಹೋದ ಮೇಲೆ ಅಂತರ ಮತ್ತೆ ಮಾಡಿಕೊಂಡರಾಯಿತು. ಹಿಡಿಯೋಕೆ ಅಂತ ಯಾರೂ ಏರಿನಲ್ಲಿ ಕಾಲು ಒತ್ತಬಾರದು, ಇದೊಂದೇ ಕಟ್ಟುನಿಟ್ಟು.

ಇಳಿಯುವಾಗಿನ ವಿಷಯ ಚಿಕ್ಕದು, ಆದರೆ ಅದರಲ್ಲೇ ಹಟ ಜಾಸ್ತಿ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತೆ ಅಂತ ಈಗಲೂ ನಂಬುವವರಿದ್ದಾರೆ. ಈಗಿನ ಎಂಜಿನ್‌ಗಳಲ್ಲಿ ಅದು ಸುಳ್ಳು. ಗೇರಿನಲ್ಲಿ ಇಟ್ಟು ಕಾಲು ತೆಗೆದರೆ ಚಕ್ರವೇ ಎಂಜಿನ್ ತಿರುಗಿಸುತ್ತೆ, ಪಂಪು ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ಉರಿದು ತಿರುಗಬೇಕು, ಅದಕ್ಕೆ ಡೀಸೆಲ್ ಬೇಕೇ ಬೇಕು. ಜೊತೆಗೆ ಇಡೀ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದು ಲೈನರ್ ವಾಸನೆ ಬರೋ ಹೊತ್ತಿಗೆ ಬ್ರೇಕ್ ಅರ್ಧ ಹೋಗಿರುತ್ತೆ. ನಮ್ಮ ಹಾಳೆಯಲ್ಲಿ ಇಳಿಯೋದಕ್ಕೆ ಬೇರೆ ಕಡೆಯೇ ಇದೆ. ಇಳುಕಲು ಶುರುವಾಗೋ ಮೊದಲೇ ಗೇರ್ ಇಳಿಸು, ಎಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನ ಮಾಡೋ ಎಕ್ಸಾಸ್ಟ್ ಬ್ರೇಕ್ ಹಾಕು, ಭಾರದ ಗಾಡಿ ಮುಂದೆ. ಅಂತರ ಇಲ್ಲಿ ಹದಿನೈದು ಸೆಕೆಂಡ್.

ಮಳೆಗಾಲದಲ್ಲಿ ಈ ಹಾಳೆ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಮಂಜು ಇಳಿದರೆ ಮುಂದಿನ ಕಲ್ಲೇ ಕಾಣಲ್ಲ, ಎಣಿಸೋದು ಏನನ್ನ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಮಳೆ ಜೋರಿದ್ದರೆ ನಾವು ಡೀಸೆಲ್ ಲೆಕ್ಕ ಬಿಟ್ಟು, ನಿಲ್ಲೋಕೆ ಜಾಗ ಎಲ್ಲಿದೆ ಅಂತ ನೋಡುತ್ತೇವೆ.

ಈಗ ಕೊನೆಯ ಲಾರಿಗೂ ಮೊದಲ ಲಾರಿಗೂ ಒಂದು ಟ್ರಿಪ್‌ಗೆ ಹೆಚ್ಚಂದರೆ ಒಂದು ಲೀಟರ್ ವ್ಯತ್ಯಾಸ. ಲೈನರ್ ಬದಲಾಯಿಸೋದೂ ತಡವಾಗಿ ಬರುತ್ತಿದೆ. ನನಗೆ ಡೀಸೆಲ್‌ಗಿಂತ ಅದೇ ದೊಡ್ಡ ಉಳಿತಾಯ ಅನ್ನಿಸಿದೆ. ಹುಡುಗನ ಸಂಬಳದಲ್ಲಿ ಹಿಡಿದ ದುಡ್ಡು ವಾಪಸ್ ಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡು "ಬಡ್ಡಿ ಎಲ್ಲಣ್ಣ?" ಅಂದ. ಈಗ ಎರಡನೇ ಗುಂಪಿನ ಮೂರು ಲಾರಿಗೆ ಅವನೇ ಮುಂದೆ. ಹೋದ ವಾರ ಅವನು ಹಾಳೆಯಲ್ಲಿ ಬಾಗಿದ ಮರದ ಹೆಸರು ಹೊಡೆದು ಹಾಕಿ ಪಕ್ಕದಲ್ಲಿ ಒಂದು ಮೋರಿ ಬರೆದಿದ್ದಾನೆ. ಮರ ಬಿದ್ದುಹೋಗಿದೆಯಂತೆ. ಉಳಿದ ನಾಲ್ಕು ಹಾಳೆಯಲ್ಲೂ ತಿದ್ದಬೇಕು.