ದಿನಕ್ಕೊಂದು ಹಳೇ ಪೇಪರ್

2022ರ ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡಿಗೆ ಹೋದೆವು. ಬಾಣಂತನದ ಮನೆಯಲ್ಲಿ ಗಂಡಸಿಗೇನು ಕೆಲಸ? ಮಗು ಮಲಗಿದಾಗ ಸದ್ದು ಮಾಡದೆ ಕೂರೋದು, ಅಷ್ಟೇ. ಮೂವತ್ತೊಂದು ವರ್ಷ ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ರಾತ್ರಿ ಪಾಳಿ ಮಾಡಿದವನು ನಾನು. ಬೆಳಿಗ್ಗೆ ಕೈಯಲ್ಲಿ ಪೇಪರ್ ಇಲ್ಲದಿದ್ದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಚಡಪಡಿಕೆ ನೋಡಲಾರದೆ ಅಳಿಯ ಲ್ಯಾಪ್‌ಟಾಪ್ ತಂದಿಟ್ಟ. ‘ಈ ಊರಿನ ಪೇಪರೇ ಓದಿ ಮಾವ. ಸ್ವಲ್ಪ ಹಳೇದು, ಅಷ್ಟೇ’ ಅಂದ.

ಅದು ‘ಡೈಲಿ ಡಿಸ್ಪ್ಯಾಚ್’. 1860ರ ನವೆಂಬರಿನಿಂದ 1865ರ ಕೊನೆಯವರೆಗಿನ ಸಂಚಿಕೆಗಳನ್ನು ಇಲ್ಲಿನ ವಿಶ್ವವಿದ್ಯಾಲಯದವರು ಟೈಪ್ ಮಾಡಿಸಿ ಎಲ್ಲರಿಗೂ ಓದಲು ಬಿಟ್ಟಿದ್ದಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ರಿಚ್ಮಂಡ್ ದಕ್ಷಿಣದ ರಾಜ್ಯಗಳ ರಾಜಧಾನಿ. ಗುಲಾಮಗಿರಿ ಬಿಡೆವು ಅಂತ ಬೇರೆಯಾದ ರಾಜ್ಯಗಳು ಅವು. ಯುದ್ಧದ ಕೊನೇ ಮೂರು ತಿಂಗಳನ್ನು ಈ ಊರಿನ ಪೇಪರ್ ಹೇಗೆ ಬರೆದಿರಬಹುದು ಅಂತ ಕುತೂಹಲ ಹುಟ್ಟಿತು.

ಮೊದಲ ಎರಡು ದಿನ ವ್ಯರ್ಥವಾಯಿತು. ‘ಸೋಲು’, ‘ಶರಣಾಗತಿ’ ಅಂತ ಪದ ಹಾಕಿ ಹುಡುಕಿದೆ. ಸಿಕ್ಕಿದ್ದೆಲ್ಲ ಎದುರಾಳಿಯ ಸೋಲು! ಬೇಕಾದ ಪದ ಹುಡುಕಿದರೆ ಬೇಕಾದ್ದೇ ಸಿಗುತ್ತೆ, ಸಿಕ್ಕಿದ್ದಕ್ಕೆ ಹಿಂದುಮುಂದು ಇರಲ್ಲ. ಹುಡುಕೋದನ್ನು ಬಿಟ್ಟು ಕ್ಯಾಲೆಂಡರ್ ನೋಡಿದೆ. ನನ್ನ ಅದೃಷ್ಟಕ್ಕೆ 1865ರ ಕ್ಯಾಲೆಂಡರೂ 2023ರ ಕ್ಯಾಲೆಂಡರೂ ಒಂದೇ. ಜನವರಿ 1 ಎರಡರಲ್ಲೂ ಭಾನುವಾರ. ಸರಿ, ಒಂದು ನಿಯಮ ಮಾಡಿಕೊಂಡೆ. ದಿನಕ್ಕೊಂದೇ ಪೇಪರ್. ಅವತ್ತಿನದನ್ನು ಅವತ್ತೇ ಓದಬೇಕು, ಮುಂದಿನ ದಿನದ್ದನ್ನು ಇಣುಕಬಾರದು. ಭಾನುವಾರ ಪತ್ರಿಕೆ ಇಲ್ಲ, ನನಗೂ ರಜೆ.

ಅಚ್ಚಾದ ಪುಟದ ಚಿತ್ರವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತಿದ್ದೆ. ಟೈಪ್ ಮಾಡಿದ ಪಠ್ಯದಲ್ಲಿ ಎಲ್ಲ ಸುದ್ದಿಯೂ ಒಂದೇ ಅಳತೆ. ಪುಟ ನೋಡಿದರೆ ಮಾತ್ರ ಯಾವುದನ್ನು ಮೇಲೆ ಹಾಕಿದ್ದಾರೆ, ಯಾವುದನ್ನು ಮೂಲೆಗೆ ತಳ್ಳಿದ್ದಾರೆ ಅನ್ನೋದು ಗೊತ್ತಾಗುತ್ತೆ. ಆ ಹೊತ್ತಿಗೆ ಡಿಸ್ಪ್ಯಾಚ್ ಬರೀ ಒಂದು ಹಾಳೆ, ಎರಡೇ ಪುಟ. ಕಾಗದ ಸಿಗುತ್ತಿರಲಿಲ್ಲ. ಸಿಕ್ಕ ಕಾಗದವೂ ಕಳಪೆ. ಅಚ್ಚಿನ ಮೊಳೆ ಜೋಡಿಸುವ ಹುಡುಗರ ಕೈಗೇ ಬಂದೂಕು ಕೊಟ್ಟು ಊರ ಹೊರಗಿನ ಕಂದಕಕ್ಕೆ ಕಳಿಸುತ್ತಿದ್ದ ಕಾಲ ಅದು. ಹಾಗಿದ್ದೂ ಪೇಪರ್ ಹೊರಡುತ್ತಿತ್ತಲ್ಲ, ಅದಕ್ಕೆ ನನ್ನದೊಂದು ಸಲಾಂ. ಆ ಕಷ್ಟ ಪಟ್ಟವನಿಗೇ ಗೊತ್ತು.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದೆ. ಘಟನೆ ನಡೆದದ್ದು ಯಾವಾಗ, ಅಚ್ಚಾದದ್ದು ಯಾವಾಗ, ಹೇಳಿದವರು ಯಾರು. ಈ ಮೂರನೇ ಸಾಲು ಮಜಾ ಕೊಟ್ಟಿತು. ತಮ್ಮದೇ ಸೈನ್ಯದ ಸುದ್ದಿಯನ್ನು ಇವರು ಎಷ್ಟೋ ಸಲ ನ್ಯೂಯಾರ್ಕಿನ ಪತ್ರಿಕೆಗಳಿಂದ ಎತ್ತಿ ಹಾಕುತ್ತಿದ್ದರು. ಶತ್ರುವಿನ ಪೇಪರ್ ಇವರ ಕೈಗೆ ಹೇಗೆ ಬರುತ್ತೆ ಅಂತ ತಲೆ ಕೆರೆದುಕೊಂಡೆ. ಆಮೇಲೆ ತಿಳಿಯಿತು. ಇಪ್ಪತ್ತು ಚಿಲ್ಲರೆ ಮೈಲಿ ದೂರದ ಪೀಟರ್ಸ್‌ಬರ್ಗಿನಲ್ಲಿ 1864ರ ಜೂನಿನಿಂದ ಎರಡೂ ಸೈನ್ಯ ಎದುರುಬದುರು ಕೂತಿದ್ದವು. ಕಾವಲಿನ ಸಿಪಾಯಿಗಳು ಅಧಿಕಾರಿಗಳ ಕಣ್ಣು ತಪ್ಪಿಸಿ ಕೊಡುಕೊಳು ನಡೆಸುತ್ತಿದ್ದರು. ಇವರು ತಂಬಾಕು ಕೊಟ್ಟರೆ ಅವರು ಕಾಫಿ ಪುಡಿ. ಜೊತೆಗೆ ಪೇಪರಿಗೆ ಪೇಪರ್.

ಜನವರಿ ಮೊದಲ ವಾರದ ದೊಡ್ಡ ಸುದ್ದಿ ಯುದ್ಧದ್ದಲ್ಲ, ಊಟದ್ದು. ದಕ್ಷಿಣದ ಸೇನಾಪತಿ ಜನರಲ್ ಲೀಯ ಸೈನ್ಯಕ್ಕೆ ರಿಚ್ಮಂಡಿನ ನಾಗರಿಕರು ಹೊಸ ವರ್ಷದ ಭೋಜನ ಕಳಿಸಬೇಕು ಅಂತ ಊರಿನ ಪತ್ರಿಕೆಗಳು ಪ್ರಚಾರ ಮಾಡಿದ್ದವು. ಓದಿದರೆ ಸಿಪಾಯಿಗಳಿಗೆ ಮದುವೆ ಊಟವೇ ಸಿಗುತ್ತೆ ಅನ್ನಿಸಬೇಕು. ಕಂದಕದಲ್ಲಿ ಕೂತವರು ಕಾದರು. ಕೊನೆಗೆ ಎಷ್ಟೋ ತುಕಡಿಗಳಿಗೆ ಬಂದದ್ದು ಎರಡು ಬ್ರೆಡ್ ಚೂರಿನ ಮಧ್ಯೆ ಒಂದು ತೆಳ್ಳನೆ ಮಾಂಸದ ತುಂಡು. ಕೆಲವರಿಗೆ ಅದೂ ಇಲ್ಲ. ಪೇಪರಿನ ಭಾಷೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಹೋಯಿತು. ಊಟದ ವಿಷಯ ಬರೆದವರು ಯುದ್ಧದ ವಿಷಯವನ್ನೂ ಹೀಗೇ ಬರೆದಿರುತ್ತಾರೆ ಅಂತ ನಾನು ಅವತ್ತೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ.

ಜನವರಿ 15ಕ್ಕೆ ಫೋರ್ಟ್ ಫಿಷರ್ ಕೋಟೆ ಬಿತ್ತು. ವಿಲ್ಮಿಂಗ್ಟನ್ ಬಂದರಿಗೆ ಅದೇ ಬಾಗಿಲು. ಹೊರಗಿನಿಂದ ಬಟ್ಟೆ, ಮದ್ದು, ಕಾಗದ ಬರುತ್ತಿದ್ದ ಕೊನೆಯ ದೊಡ್ಡ ದಾರಿ ಮುಚ್ಚಿಹೋಯಿತು. ಫೆಬ್ರುವರಿ 3ರಂದು ಹಡಗಿನಲ್ಲಿ ಉತ್ತರದ ಕಡೆಯ ಅಧ್ಯಕ್ಷ ಲಿಂಕನ್ ಜೊತೆ ನಡೆದ ಸಂಧಾನವೂ ಮುರಿಯಿತು. ಅದಾದ ಮೇಲೆ ಊರಲ್ಲಿ ದೊಡ್ಡ ಸಭೆಗಳು, ಕೊನೇ ಉಸಿರಿನವರೆಗೂ ಹೋರಾಟ ಅಂತ ಭಾಷಣಗಳು. ಸಭೆ ಸೇರಿದ್ದು ಎಲ್ಲಿ ಅಂದರೆ ಕಪ್ಪು ಜನರ ಚರ್ಚಿನಲ್ಲಿ. ಊರಿನಲ್ಲಿ ಅದೇ ದೊಡ್ಡ ಹಾಲ್ ಅಂತೆ. ಅಲ್ಲಿ ನಿಂತು ಇವರು ತಮ್ಮ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು.

ಈ ದಿನಗಳ ಸಂಪಾದಕೀಯ ಓದಿ ಓದಿ ನನಗೆ ಬೇಜಾರು ಬಂತು. ಊರು ಕಳೆದುಕೊಂಡರೆ ಅದು ತಂತ್ರ, ಶತ್ರು ಮುಂದೆ ಬಂದರೆ ಬಲೆಗೆ ಬೀಳುತ್ತಾನೆ. ಎರಡು ವಾರ ಆ ಮಾತನ್ನೇ ನೋಟ್ಸ್ ಮಾಡಿ, ಆಮೇಲೆ ಸಂಪಾದಕೀಯವನ್ನು ಕೊನೆಗೆ ಓದಲು ಶುರುಮಾಡಿದೆ. ಮೊದಲು ಜಾಹೀರಾತು. ನಾವು ಡೆಸ್ಕಿನವರಿಗೆ ಜಾಹೀರಾತು ಅಂದರೆ ಸುದ್ದಿಯ ಜಾಗ ತಿನ್ನುವ ಶನಿ. ಆದರೆ ಅದರ ಮೇಲೆ ನಮ್ಮ ಕೈ ಇರಲ್ಲ ಅಲ್ವಾ? ದುಡ್ಡು ಕೊಟ್ಟವನು ತನ್ನ ಅವಸರ ತಾನೇ ಬರೆದಿರುತ್ತಾನೆ.

ಇಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಜನವರಿಯ ಜಾಹೀರಾತುಗಳಲ್ಲಿ ‘ಬಾಡಿಗೆಗೆ’ ಅಂತ ಸಾಲು ಸಾಲು. ಅಡುಗೆಯವಳು, ಬಟ್ಟೆ ಒಗೆಯುವವಳು, ಮನೆಗೆಲಸದ ಹುಡುಗ. ಎಲ್ಲರಿಗೂ ‘ಸರ್ವೆಂಟ್’ ಅನ್ನೋ ಪದ. ನಾನು ನೋಟ್‌ಬುಕ್ಕಿನಲ್ಲಿ ‘ಕೆಲಸ ಖಾಲಿ ಇದೆ’ ಅಂತ ಬರೆದುಕೊಂಡು ಹೋದೆ, ಒಂದು ವಾರ. ಯುದ್ಧದಲ್ಲೂ ಊರಿನಲ್ಲಿ ಇಷ್ಟು ಕೆಲಸ ಇದೆಯಲ್ಲ ಅಂತ ಆಶ್ಚರ್ಯ ಬೇರೆ! ಒಂದು ರಾತ್ರಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಓದುವಾಗ ಹೊಳೆಯಿತು. ಅವರು ಕೆಲಸ ಹುಡುಕುತ್ತಿರುವ ಜನ ಅಲ್ಲ. ಒಡೆಯರು ತಮ್ಮ ಗುಲಾಮರನ್ನು ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಿದ್ದರು. ಹೊಸ ವರ್ಷ ಬಂತೆಂದರೆ ಆ ವ್ಯವಹಾರದ ಸೀಸನ್ನು. ಸಂಬಳ ಒಡೆಯನಿಗೆ. ‘ಗುಲಾಮ’ ಅನ್ನೋದನ್ನು ನಯವಾಗಿ ‘ಸರ್ವೆಂಟ್’ ಅಂತ ಹೇಳುವುದು ಅಲ್ಲಿನ ರೂಢಿ. ಮೂವತ್ತೊಂದು ವರ್ಷ ಪದ ತಿದ್ದಿದವನು ಒಂದು ಪದಕ್ಕೆ ಹೀಗೆ ಬೇಸ್ತು ಬಿದ್ದೆ. ಏಳು ದಿನದ ನೋಟ್ಸ್ ಮೇಲೆ ಗೀಟು ಎಳೆದು ಮತ್ತೆ ಬರೆದೆ.

ಅದಾದ ಮೇಲೆ ಓಡಿಹೋದವರ ಜಾಹೀರಾತು ಕಣ್ಣಿಗೆ ಬೀಳಲು ಶುರುವಾಯಿತು. ಎಲ್ಲದಕ್ಕೂ ಒಂದೇ ಅಚ್ಚು. ಬಹುಮಾನದ ಮೊತ್ತ ಮೇಲೆ, ನೂರಾರು ಡಾಲರ್. ಕೆಳಗೆ ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಓಡಿಹೋದಾಗ ಹಾಕಿದ್ದ ಬಟ್ಟೆ, ಮೈಮೇಲಿನ ಗಾಯದ ಗುರುತು. ಯಾರಿಂದ ಕೊಂಡದ್ದು, ಅವರ ನೆಂಟರು ಯಾವ ಊರಿನಲ್ಲಿದ್ದಾರೆ. ಕೊನೆಯಲ್ಲಿ, ಶತ್ರುವಿನ ಕಡೆ ಹೋಗಲು ನೋಡುತ್ತಿರಬಹುದು ಅಂತ ಒಂದು ಊಹೆ. ಮೇಲಿನ ಕಾಲಮ್ಮಿನಲ್ಲಿ ಗೆಲುವು ನಮ್ಮದೇ ಅಂತಿದೆ. ಗೆಲ್ಲೋದು ಯಾರು ಅಂತ ಇವರು ಆಗಲೇ ತೀರ್ಮಾನ ಮಾಡಿ, ಕತ್ತಲಲ್ಲಿ ಆ ಕಡೆ ನಡೆದುಬಿಟ್ಟಿದ್ದಾರೆ. ಯಾವ ಸೇನಾ ವರದಿಗಿಂತಲೂ ನನಗೆ ಈ ಜಾಹೀರಾತುಗಳಲ್ಲೇ ಯುದ್ಧದ ಸ್ಥಿತಿ ಸರಿಯಾಗಿ ಕಂಡಿತು.

ಬಹುಮಾನದ ಮೊತ್ತ ನೋಡಿ ಮೋಸ ಹೋಗಬೇಡಿ. ಆಗ ಚಿನ್ನದ ಒಂದು ಡಾಲರಿಗೆ ದಕ್ಷಿಣದ ಕಾಗದದ ಐವತ್ತು ಅರವತ್ತು ಡಾಲರ್ ಕೊಡಬೇಕಿತ್ತು. ಗೋಧಿ ಹಿಟ್ಟಿನ ಒಂದು ಪೀಪಾಯಿಗೆ ನೂರಾರು ಡಾಲರ್. ನಾನು ನೋಟ್‌ಬುಕ್ಕಿನಲ್ಲಿ ಪ್ರತಿ ಮೊತ್ತವನ್ನೂ ಅರವತ್ತರಿಂದ ಭಾಗಿಸಿ ಪಕ್ಕದಲ್ಲಿ ಬರೆದೆ. ಮೊತ್ತ ಎಷ್ಟು ದೊಡ್ಡದಾಗಿ ಅಚ್ಚಾಗಿದ್ದರೂ ಭಾಗಿಸಿದ ಮೇಲೆ ಉಳಿಯುತ್ತಿದ್ದದ್ದು ಅಷ್ಟಿಷ್ಟೇ.

ಫೆಬ್ರುವರಿ 18, ಶನಿವಾರ. 2023ರಲ್ಲಿ ಅವತ್ತು ಶಿವರಾತ್ರಿ. ಹೆಂಡತಿ ಉಪವಾಸ, ನಾನು ಪೇಪರ್ ಹಿಡಿದು ಜಾಗರಣೆ. ಉತ್ತರದ ಜನರಲ್ ಶರ್ಮನ್ ನಿನ್ನೆ ಬೆಳಿಗ್ಗೆ ದಕ್ಷಿಣದ ಕೊಲಂಬಿಯಾ ನಗರದ ಒಳಗೆ ಬಂದ, ಚಾರ್ಲ್ಸ್‌ಟನ್ನನ್ನೂ ನಮ್ಮವರು ಬಿಟ್ಟಿರಬೇಕು ಅಂತ ಡಿಸ್ಪ್ಯಾಚ್ ಬರೆದಿತ್ತು. ಊಹೆ ಸರಿಯಾಗಿತ್ತು. ಅಪರೂಪಕ್ಕೆ ನೇರವಾದ ಸುದ್ದಿ. ಇದಕ್ಕಿಂತ ದೊಡ್ಡ ತಮಾಷೆ ಬೇರೆ ಇದೆ. ಅದೇ ದಿನ ಶತ್ರುವಿನ ಸೇನಾಪತಿ ಗ್ರಾಂಟ್ ವಾಷಿಂಗ್ಟನ್ನಿಗೆ ತಂತಿ ಕಳಿಸಿದ. ಅದರಲ್ಲಿದ್ದದ್ದು ಇದೇ ಸುದ್ದಿ. ಇವತ್ತಿನ ರಿಚ್ಮಂಡ್ ಡಿಸ್ಪ್ಯಾಚ್ ಹೀಗೆ ಹೇಳುತ್ತೆ ಅಂತ! ಶರ್ಮನ್ ದೂರದ ಒಳನಾಡಿನಲ್ಲಿದ್ದ, ತನ್ನವರಿಗೆ ತಂತಿ ಕೊಡುವ ಹಾಗಿರಲಿಲ್ಲ. ಅವನು ಎಲ್ಲಿದ್ದಾನೆ ಅನ್ನೋದನ್ನು ಗ್ರಾಂಟ್ ಇವರ ಪೇಪರಿನಲ್ಲಿ ಓದಿ ತಿಳಿಯುತ್ತಿದ್ದ. ಯಾವ ಸಂಪಾದಕನಿಗೆ ಇಂಥ ಓದುಗ ಸಿಗುತ್ತಾನೆ ಹೇಳಿ.

ಆಮೇಲೆ ಸೇನೆಯವರು ಎಚ್ಚೆತ್ತರು. ಆ ಕಡೆಯ ಚಲನವಲನ ಬರೆಯಬೇಡಿ ಅಂದರು. ಪೇಪರ್ ಮೌನವಾಯಿತು. ಈ ಮೌನ ಓದುವುದು ನನಗೆ ಕಷ್ಟ ಆಗಲಿಲ್ಲ. ತೊಂಬತ್ತರ ದಶಕದಲ್ಲಿ ನಾನೇ ಒಂದು ರಾತ್ರಿ ‘ಮೇಲಿಂದ ಫೋನ್ ಬಂದಿದೆ’ ಅಂದದ್ದಕ್ಕೆ ಮೂರು ಕಾಲಂ ಸುದ್ದಿ ಕಿತ್ತು, ಆ ಜಾಗಕ್ಕೆ ಬಟಾಟೆ ಬೆಳೆಯುವ ಕ್ರಮದ ಬಗ್ಗೆ ಲೇಖನ ತುಂಬಿದ್ದೇನೆ. ಮರುದಿನ ಊರಿಗೆಲ್ಲ ಗೊತ್ತಿದ್ದ ವಿಷಯ ನಮ್ಮ ಪೇಪರಿನಲ್ಲಿ ಮಾತ್ರ ಇರಲಿಲ್ಲ. ಡಿಸ್ಪ್ಯಾಚಿಗೂ ಇದು ಹೊಸದಲ್ಲ. 1863ರ ಏಪ್ರಿಲ್ 2ರಂದು ಇದೇ ರಿಚ್ಮಂಡಿನಲ್ಲಿ ಹಸಿದ ಹೆಂಗಸರು ಅಂಗಡಿಗಳಿಗೆ ನುಗ್ಗಿ ಬ್ರೆಡ್ಡು, ಮಾಂಸ ಹೊತ್ತೊಯ್ದಿದ್ದರು. ಬರೆಯಬೇಡಿ ಅಂತ ಸರ್ಕಾರ ಹೇಳಿತು. ಮರುದಿನ ಡಿಸ್ಪ್ಯಾಚಿನ ಸಂಪಾದಕೀಯ ಯಾವುದರ ಬಗ್ಗೆ ಗೊತ್ತಾ? ಉತ್ತರದ ರಾಜ್ಯಗಳ ಜನರ ಕಷ್ಟದ ಬಗ್ಗೆ. ನನ್ನ ಬಟಾಟೆ ಎಷ್ಟೋ ವಾಸಿ.

ಮಾರ್ಚ್ ತಿಂಗಳ ಪೇಪರುಗಳನ್ನು ನಾನು ನಿಧಾನವಾಗಿ ಓದಿದೆ. ಗುಲಾಮರನ್ನೇ ಸಿಪಾಯಿಗಳಾಗಿ ಸೇರಿಸಿಕೊಳ್ಳುವ ಕಾನೂನಿಗೆ ಮಾರ್ಚ್ 13ರಂದು ಸಹಿ ಬಿತ್ತು. ಕಪ್ಪು ಸಿಪಾಯಿಗಳ ಕವಾಯತು ಒಂದು ಕಡೆ, ಓಡಿಹೋದವರನ್ನು ಹಿಡಿದುಕೊಟ್ಟರೆ ಬಹುಮಾನ ಅನ್ನೋದು ಇನ್ನೊಂದು ಕಡೆ. ಎರಡೇ ಪುಟದ ಪೇಪರಿನಲ್ಲಿ ಒಂದು ಇನ್ನೊಂದರಿಂದ ಎಷ್ಟು ದೂರ ಇರಲು ಸಾಧ್ಯ? ಪುಟ ಕಟ್ಟಿದವನಿಗೆ ಏನೂ ಅನ್ನಿಸಲಿಲ್ವಾ ಅಂತ ಯೋಚಿಸಿದೆ. ಅನ್ನಿಸಿರಲಿಕ್ಕಿಲ್ಲ. ರಾತ್ರಿ ಎರಡು ಗಂಟೆಗೆ ಪುಟ ಕಟ್ಟುವವನು ಜಾಗ ನೋಡುತ್ತಾನೆ.

ಮಾರ್ಚ್ 30ರಂದು ಪಕ್ಕದ ‘ಎಗ್ಸಾಮಿನರ್’ ಪತ್ರಿಕೆಯ ಸಂಪಾದಕ ಜಾನ್ ಡೇನಿಯಲ್ ತೀರಿಕೊಂಡ. ಯುದ್ಧವನ್ನು ಎಲ್ಲರಿಗಿಂತ ಜೋರಾಗಿ ಬೆಂಬಲಿಸಿದವನು, ದಕ್ಷಿಣದ ಅಧ್ಯಕ್ಷ ಡೇವಿಸ್‌ನನ್ನು ಎಲ್ಲರಿಗಿಂತ ಜೋರಾಗಿ ಬೈದವನು. ಸೋಲು ನೋಡದೆ ಹೋದ.

ಏಪ್ರಿಲ್ 1, ಶನಿವಾರ. ಪೇಪರ್ ಎಂದಿನಂತೆ ಬಂದಿದೆ. ಅವತ್ತು ಸಂಜೆಯೊಳಗೆ ಪೀಟರ್ಸ್‌ಬರ್ಗ್ ಹತ್ತಿರದ ಫೈವ್ ಫೋರ್ಕ್ಸ್‌ನಲ್ಲಿ ಲೀಯ ಸೈನ್ಯದ ಬಲಗಡೆ ಕುಸಿಯುತ್ತೆ ಅನ್ನೋದು ಆ ಪುಟಕ್ಕೆ ಗೊತ್ತಿಲ್ಲ. ಭಾನುವಾರ ರಜೆ. ಬೆಳಿಗ್ಗೆ ಚರ್ಚಿನಲ್ಲಿ ಕೂತಿದ್ದ ಡೇವಿಸ್ ಕೈಗೆ ಲೀಯ ಚೀಟಿ ಬಂತು. ಸೈನ್ಯ ಹಿಂದೆ ಸರಿಯುತ್ತಿದೆ, ಊರು ಬಿಡಿ ಅಂತ. ಹೋಗುವವರು ತಂಬಾಕಿನ ಗೋದಾಮುಗಳಿಗೆ ಬೆಂಕಿ ಇಟ್ಟು ಹೋದರು. ಗಾಳಿ ಬೀಸಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಡಿಸ್ಪ್ಯಾಚ್, ಎಗ್ಸಾಮಿನರ್, ಎನ್‌ಕ್ವೈರರ್ ಮೂರರ ಕಚೇರಿಯೂ ಬೂದಿ. ಎರಡು ವರ್ಷದ ಹಿಂದೆ ಬ್ರೆಡ್ಡಿನ ದೊಂಬಿ ಆದದ್ದೂ ಇದೇ ಏಪ್ರಿಲ್ 2ಕ್ಕೆ.

ನನ್ನ ನಿಯಮದ ಪ್ರಕಾರ ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಕೂತೆ. ಓದಲು ಏನೂ ಇರಲಿಲ್ಲ. ನೂರೈವತ್ತೆಂಟು ವರ್ಷದ ಹಿಂದಿನ ವಿಷಯ, ಗೊತ್ತಿದ್ದದ್ದೇ. ಆದರೂ ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ.

ಸುಟ್ಟ ಊರನ್ನು ವರದಿ ಮಾಡಿದವರು ಬೇರೆಯವರು. ಉಳಿದಿದ್ದ ‘ವಿಗ್’ ಪತ್ರಿಕೆ ಏಪ್ರಿಲ್ 4ರಂದು ಗೆದ್ದವರ ಅನುಮತಿ ಪಡೆದು ಹೊರಬಂತು, ದನಿ ಪೂರಾ ಬದಲಾಗಿತ್ತು. ಫಿಲಡೆಲ್ಫಿಯಾದ ‘ಪ್ರೆಸ್’ ಪತ್ರಿಕೆಯ ವರದಿಗಾರ ಥಾಮಸ್ ಮಾರಿಸ್ ಚೆಸ್ಟರ್ ದಕ್ಷಿಣದವರ ಶಾಸನಸಭೆಗೆ ಹೋಗಿ, ಸ್ಪೀಕರ್ ಕುರ್ಚಿಯಲ್ಲೇ ಕೂತು ವರದಿ ಬರೆದ. ಚೆಸ್ಟರ್ ಕಪ್ಪು ಮನುಷ್ಯ. ಏಳು ಅಂತ ಗದರಿಸಿ ಮೈಮೇಲೆ ಬಂದ ಸೋತ ಸೈನ್ಯದ ಅಧಿಕಾರಿಗೆ ಒಂದು ಗುದ್ದು ಕೊಟ್ಟು, ಮತ್ತೆ ಕೂತು ಬರೆಯಲು ಶುರುಮಾಡಿದನಂತೆ.

ನಾನು ಹುಬ್ಬಳ್ಳಿ ಕಡೆಯವನು. ಈ ಯುದ್ಧ ನಮ್ಮೂರಿಗೂ ಮುಟ್ಟಿತ್ತು. ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಧಾರವಾಡದ ಹತ್ತಿ ಬೇಕಾಯಿತು. ಅದರ ಬೀಜವೂ ಮೊದಲು ಅಮೆರಿಕದಿಂದಲೇ ಬಂದದ್ದು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈಗೆ ಸೇರಿಸಿದರು. ಲೀ ಶರಣಾದ ಸುದ್ದಿ ಬಂದದ್ದೇ ತಡ, ಬೆಲೆ ಬಿದ್ದು ಮುಂಬೈಯ ಶೇರು ವ್ಯಾಪಾರಿಗಳು ಸಾಲು ಸಾಲು ದಿವಾಳಿ ಎದ್ದರು. ರಿಚ್ಮಂಡಿನಲ್ಲಿ ಕೂತು ನಮ್ಮ ಹತ್ತಿ ಹೊಲ ನೆನೆಯುವುದಕ್ಕೆ ಒಂದು ನೆಪ ಸಿಕ್ಕಿತು ಅನ್ನಿ.

ಡಿಸ್ಪ್ಯಾಚ್ ಮತ್ತೆ ಶುರುವಾದದ್ದು ಡಿಸೆಂಬರ್ 9ಕ್ಕೆ. ನಾವು ಜೂನ್‌ನಲ್ಲಿ ವಾಪಸ್ ಹೊರಡುವವರಿದ್ದೆವು, ಹಾಗಾಗಿ ನಿಯಮ ಮುರಿದು ಅದನ್ನು ಮೊದಲೇ ಓದಿದೆ. ಅಭ್ಯಾಸಬಲ, ಕಣ್ಣು ನೇರ ಜಾಹೀರಾತಿಗೇ ಹೋಯಿತು. ಓಡಿಹೋದವರನ್ನು ಹಿಡಿದುಕೊಡಿ ಅನ್ನುವುದು ಇಲ್ಲ. ಆದರೆ ಆ ಅಚ್ಚನ್ನು ಅದೇ ವರ್ಷದ ಇನ್ನೊಂದು ಪೇಪರಿನಲ್ಲಿ ನೋಡಿದೆ. ಟೆನ್ನೆಸ್ಸಿಯ ನ್ಯಾಶ್‌ವಿಲ್ಲಿನಲ್ಲಿ ಕಪ್ಪು ಜನ ತಾವೇ ನಡೆಸುತ್ತಿದ್ದ ‘ಕಲರ್ಡ್ ಟೆನ್ನೆಸ್ಸಿಯನ್’. ಅದರಲ್ಲೂ ಹೆಸರು, ವಯಸ್ಸು, ಯಾರ ಹತ್ತಿರ ಇದ್ದದ್ದು, ಯಾರಿಗೆ ಮಾರಿದ್ದು. ಈ ಸಲ ಹಾಕಿಸಿದವರು ಒಡೆಯರಲ್ಲ. ಅಮ್ಮನನ್ನು ಹುಡುಕುವ ಮಕ್ಕಳು, ಮಕ್ಕಳನ್ನು ಹುಡುಕುವ ಅಮ್ಮಂದಿರು. ವರ್ಜೀನಿಯಾದಲ್ಲಿ ಮಾರಾಟ ಆದವರನ್ನು ಹುಡುಕುವವರೂ ಅದರಲ್ಲಿದ್ದರು. ಮಾರಿದವನ ಹೆಸರನ್ನೂ ಬರೆದಿದ್ದರು. ಬೇರೆ ವಿಳಾಸ ಅವರ ಹತ್ತಿರ ಇರಲಿಲ್ಲ.