ಹೊಳೆಬದಿಯ ಬಿಡಾರಕ್ಕೆ ಎಂಥ ಟೆಂಟ್? ಕೊಡಗಿನಲ್ಲಿ ಗಾಳ ಹಾಕಲು ಹೊರಡುವವರಿಗೆ

ಹೊಳೆಬದಿಯಲ್ಲಿ ಎರಡು ಮೂರು ರಾತ್ರಿ ಕಳೆಯಲು ಟೆಂಟ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಮಳೆ ತಡೆಯುತ್ತದಾ?’ ಎಂದು. ಒಂದು ರಾತ್ರಿಯ ಮಳೆಯನ್ನು ಸಾಧಾರಣ ಟೆಂಟೂ ಹೇಗೋ ತಡೆದುಬಿಡುತ್ತದೆ. ಕೊಡಗಿನಲ್ಲಿ ಮಲಗಿದವರನ್ನು ನೆನೆಸುವುದು ಹೆಚ್ಚಾಗಿ ಬೇರೆ ಎರಡು ನೀರು. ಒಂದು, ನಮ್ಮದೇ ಉಸಿರು ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟುವುದು. ಇನ್ನೊಂದು, ನೆಲದಿಂದ ಮೇಲೆ ಜಿನುಗುವುದು. ಜನವರಿಯಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ರಾತ್ರಿ, ಕಾವೇರಿ ದಂಡೆಯಲ್ಲಿ ಬೆಳಗಿನ ಜಾವ ಮಂಜು ಇಳಿದಾಗ ಒಂದೇ ಪದರದ ಟೆಂಟಿನ ಗೋಡೆಗೆ ಬೆರಳು ಆಡಿಸಿ ನೋಡಿ, ನೀರು ಅಂಗೈಯಿಂದ ಮೊಣಕೈಗೆ ಇಳಿಯುತ್ತದೆ. ಆದ್ದರಿಂದ ಗಾಳಿಯಾಟ ಮತ್ತು ತಳ, ಈ ಎರಡನ್ನು ಮೊದಲು ನೋಡಿ. ಉಳಿದದ್ದು ಆಮೇಲೆ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡಿನ ಬೇಟೆ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಲ್ಲಿ ವಿನಾಯಿತಿ ಇದೆ ಎಂದರೆ ಬೇಟೆಗೆ ವಿನಾಯಿತಿ ಇದೆ ಎಂದಲ್ಲ. ಈ ಬರಹ ಗಾಳ ಹಿಡಿದು ಹೋಗುವವರಿಗೆ. ಅದಕ್ಕೂ ಅನುಮತಿ ಬೇಕು, ರಕ್ಷಿತಾರಣ್ಯದೊಳಗೆ ಟೆಂಟ್ ಹಾಕುವಂತಿಲ್ಲ. ಹೊಳೆಗೆ ತಾಗಿದ ತೋಟವಾದರೆ ತೋಟದವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲೇ ಇಳಿಯಿರಿ. ಮಹಶೀರ್ ಸಿಕ್ಕರೆ ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡದೆ ಬಿಟ್ಟುಬಿಡಿ. ಕಾವೇರಿಯ ಕೇಸರಿ ರೆಕ್ಕೆಯ ಮಹಶೀರನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ.

ಈಗ ಟೆಂಟ್. ಎರಡು ಪದರದ್ದೇ ಬೇಕು: ಒಳಗೆ ಸೊಳ್ಳೆಪರದೆಯಂಥ ಜಾಲರಿಯ ಕೋಣೆ, ಅದರ ಮೇಲೆ ಬೇರೆಯಾಗಿ ಹೊದಿಸುವ ಫ್ಲೈ. ಉಸಿರು, ಬೆವರು ಸೇರಿ ಒಬ್ಬ ಮನುಷ್ಯ ರಾತ್ರಿಯಲ್ಲಿ ಕಾಲು ಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತಾನೆ. ಅದು ಜಾಲರಿಯಿಂದ ಹೊರಗೆ ಹೋಗಿ ಫ್ಲೈನ ಒಳಮೈಗೆ ಹನಿಗಟ್ಟಿ, ಬಟ್ಟೆಯ ಮೇಲೇ ಜಾರಿ ನೆಲ ಸೇರಬೇಕು. ಇದಾಗಬೇಕಾದರೆ ಎರಡು ಪದರದ ನಡುವೆ ಎಲ್ಲ ಕಡೆ ನಾಲ್ಕು ಬೆರಳಿನಷ್ಟಾದರೂ ಸಂದು ಇರಬೇಕು. ಫ್ಲೈ ಸಡಿಲವಾಗಿ ಒಳಗೋಡೆಗೆ ತಾಗಿತೋ, ತಾಗಿದ ಜಾಗದಲ್ಲೆಲ್ಲ ನೀರು ಒಳಗೆ ಬರುತ್ತದೆ. ಆಗ ಜನ ಟೆಂಟ್ ಸೋರುತ್ತಿದೆ ಎಂದುಕೊಳ್ಳುತ್ತಾರೆ, ಆದರೆ ಬಟ್ಟೆಯಲ್ಲಿ ತೂತೇ ಇರುವುದಿಲ್ಲ. ಫ್ಲೈನ ನೆತ್ತಿಯಲ್ಲಿ ಮುಚ್ಚಿ ತೆರೆಯುವ ಗಾಳಿಕಿಂಡಿ ಇದೆಯೇ ನೋಡಿ. ಚಳಿ ಎಂದು ಅದನ್ನು ಮುಚ್ಚಬೇಡಿ, ಬೇಕಿದ್ದರೆ ಇನ್ನೊಂದು ಕಂಬಳಿ ಹೊದೆಯಿರಿ.

ಫ್ಲೈ ನೆಲದಿಂದ ಒಂದು ಗೇಣಿನ ಒಳಗೆ ಇಳಿದಿರಬೇಕು. ಅಂಗಡಿಯಲ್ಲಿ ಚಂದ ಕಾಣುವ ಕೆಲವು ಟೆಂಟುಗಳಲ್ಲಿ ಅದು ನೆತ್ತಿಗೆ ಇಟ್ಟ ಟೋಪಿಯಂತೆ ಅರ್ಧಕ್ಕೇ ನಿಲ್ಲುತ್ತದೆ. ಬಯಲುಸೀಮೆಯ ಬೇಸಿಗೆಗೆ ಅದು ಸಾಕು. ಇಲ್ಲಿ ಗಾಳಿ ಬೀಸಿದರೆ ಮಳೆ ಅಡ್ಡಕ್ಕೆ ಹೊಡೆಯುತ್ತದೆ.

ಬಟ್ಟೆಯ ಮೇಲೆ ಬರೆದಿರುವ ಮಿಲಿಮೀಟರ್ ಲೆಕ್ಕ ನೀರಿನ ಒತ್ತಡದ್ದು. ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಬಟ್ಟೆ ಜಿನುಗುವುದಿಲ್ಲ ಎಂದು ಅರ್ಥ. ಫ್ಲೈಗೆ 2,000, ತಳಕ್ಕೆ 3,000 ಮಿ.ಮೀ.ಗಿಂತ ಕಡಿಮೆ ಇದ್ದರೆ ತೆಗೆದುಕೊಳ್ಳಬೇಡಿ. ತಳಕ್ಕೆ ಹೆಚ್ಚು ಬೇಕಾಗುವುದು ಏಕೆಂದರೆ, ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಇಡೀ ಮೈಭಾರ ಅಂಗೈಯಗಲದ ಜಾಗದಲ್ಲಿ ಬಿದ್ದು ನೀರನ್ನು ಮೇಲಕ್ಕೆ ಒತ್ತುತ್ತದೆ. ತಳದ ಬಟ್ಟೆ ಬಾಣಲೆಯ ಅಂಚಿನಂತೆ ಸುತ್ತಲೂ 10ರಿಂದ 15 ಸೆಂ.ಮೀ. ಮೇಲೆದ್ದಿರಬೇಕು, ಹೊಲಿಗೆ ನೆಲಕ್ಕೆ ತಾಗಬಾರದು. ಹೊಲಿಗೆಗಳ ಮೇಲೆ ಒಳಗಿನಿಂದ ಹೆಬ್ಬೆರಳು ಓಡಿಸಿ ನೋಡಿ. ನುಣುಪಾದ ಟೇಪು ಮೂಲೆಯವರೆಗೂ ಸಿಗಬೇಕು. ಮೂರು ಹೊಲಿಗೆ ಕೂಡುವ ಮೂಲೆಯಲ್ಲೇ ಟೇಪು ಮೊದಲು ಏಳುತ್ತದೆ.

ಬಟ್ಟೆ ನೈಲಾನೋ ಪಾಲಿಯೆಸ್ಟರೋ ಎಂಬುದಕ್ಕೆ ನಮ್ಮ ಮಟ್ಟಿಗೆ ಉತ್ತರ ಪಾಲಿಯೆಸ್ಟರ್. ನೈಲಾನ್ ಹಗುರ, ಗಟ್ಟಿ, ನಿಜ. ಆದರೆ ನೀರು ಕುಡಿದು ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಫ್ಲೈ ನಡುರಾತ್ರಿ ಜೋತು ಬೀಳುತ್ತದೆ, ಒಳಗೋಡೆಗೆ ತಾಗುತ್ತದೆ, ಯಾರಾದರೂ ಎದ್ದು ಹಗ್ಗ ಎಳೆಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ.

ಕೋಲುಗಳು ಅಲ್ಯೂಮಿನಿಯಮ್ಮಿನವೇ ಇರಲಿ. ಫೈಬರ್‌ಗ್ಲಾಸ್ ಕೋಲು ಅಗ್ಗ, ಆದರೆ ಉದ್ದಕ್ಕೆ ಸೀಳುತ್ತದೆ, ಸಿಬಿರು ಕೈಗೆ ಚುಚ್ಚುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ. ಬಾಗಿದ ಜಾಗಕ್ಕೆ ಒಂದು ಗೇಣುದ್ದದ ಕೊಳವೆ ತೂರಿಸಿ ಎರಡೂ ಕಡೆ ಟೇಪು ಸುತ್ತಿದರೆ ಊರು ಸೇರುವವರೆಗೆ ಬಾಳುತ್ತದೆ. ಆ ಕೊಳವೆ ಟೆಂಟಿನ ಚೀಲದಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ನೋಡಿ.

ಆಕಾರದಲ್ಲಿ ಗುಮ್ಮಟದಂಥದ್ದು, ಗೂಟ ಇಲ್ಲದೆಯೂ ತಾನೇ ನಿಲ್ಲುವಂಥದ್ದು ಒಳ್ಳೆಯದು. ಹೊಳೆಬದಿಯಲ್ಲಿ ಸಿಗುವುದು ಬಂಡೆ ಅಥವಾ ಮರಳು, ಎರಡರಲ್ಲೂ ಗೂಟ ನಿಲ್ಲದು. ಹಾಗೆಂದು ಕಟ್ಟದೇ ಬಿಟ್ಟರೆ ಖಾಲಿ ಟೆಂಟ್ ಒಂದು ಗಾಳಿಗೆ ಹೊಳೆ ಸೇರುತ್ತದೆ. ಮರಳಿನಲ್ಲಿ ಹೀಗೆ ಮಾಡಿ: ಮೊಣಕೈ ಆಳದ ಗುಂಡಿ ತೋಡಿ, ಮರಳು ತುಂಬಿದ ಸಣ್ಣ ಚೀಲವನ್ನೋ ಮೊಳದುದ್ದದ ಕಟ್ಟಿಗೆಯನ್ನೋ ಹಗ್ಗದ ತುದಿಗೆ ಕಟ್ಟಿ ಅಡ್ಡಡ್ಡ ಮಲಗಿಸಿ, ಮುಚ್ಚಿ, ಮೇಲೆ ತುಳಿಯಿರಿ. ಟೆಂಟಿನ ಜೊತೆ ಬರುವ ತೆಳು ಗೂಟಕ್ಕಿಂತ ಇದು ಎಷ್ಟೋ ಭದ್ರ. ಬಂಡೆಯ ಮೇಲಾದರೆ ಹಗ್ಗವನ್ನು ಕಲ್ಲಿಗೆ ಸುತ್ತಿ, ಆ ಕಲ್ಲಿನ ಮೇಲೆ ಇನ್ನೊಂದು ಕಲ್ಲು ಹೇರಿ. ಇದಕ್ಕಾಗಿ 3 ಮಿ.ಮೀ. ದಪ್ಪದ ಹಗ್ಗ 20 ಮೀಟರ್ ಬೇರೆಯಾಗಿ ಒಯ್ಯಿರಿ.

ಅಳತೆಯಲ್ಲಿ ಮೋಸ ಹೋಗುವವರು ಬಹಳ. ಕಂಪನಿಯವರ ಲೆಕ್ಕದಲ್ಲಿ ಒಬ್ಬನಿಗೆ 55–60 ಸೆಂ.ಮೀ. ಅಗಲ, ಅಂದರೆ ಭುಜಕ್ಕೆ ಭುಜ. ಇಬ್ಬರು ಹೋಗುವುದಾದರೆ ಮೂವರ ಟೆಂಟ್, ಮೂವರಿಗೆ ನಾಲ್ವರದು. ಆರಡಿ ಆಳಿಗೆ ಒಳ ಉದ್ದ 220 ಸೆಂ.ಮೀ. ಬೇಕು, ಇಲ್ಲದಿದ್ದರೆ ಕಾಲು ಇಳಿಜಾರು ಗೋಡೆಗೆ ತಾಗಿ ಹಾಸಿಗೆಯ ತುದಿ ಒದ್ದೆಯಾಗುತ್ತದೆ. ಬಾಗಿಲ ಮುಂದೆ ಫ್ಲೈನ ಅಡಿ ಜಗಲಿಯಂಥ ಜಾಗವೂ ಇರಲಿ. ಒದ್ದೆ ಬೂಟು, ಗಾಳದ ಕೋಲು, ಮೀನಿನ ವಾಸನೆಯ ಬಟ್ಟೆ ಎಲ್ಲ ಅಲ್ಲೇ ಉಳಿಯಬೇಕು. ಜೀಪು ಹೋಗುವ ಜಾಗಕ್ಕೆ 5–6 ಕೆ.ಜಿ. ತೂಗುವ ಟೆಂಟಾದರೂ ನಡೆಯುತ್ತದೆ. ಹೊತ್ತು ನಡೆಯುವುದಾದರೆ 3 ಕೆ.ಜಿ. ದಾಟದಿರಲಿ.

ತಳವಿಲ್ಲದ, ಒಳಗೆ ಸೌದೆ ಒಲೆ ಇಡುವ ಟೆಂಟುಗಳನ್ನು ಹಿಮದ ನಾಡಿನ ಬೇಟೆಗಾರರು ಮೆಚ್ಚುತ್ತಾರೆ. ಅಲ್ಲಿ ಅದು ಸರಿ. ಇಲ್ಲಿ ತಳವಿಲ್ಲದ ಟೆಂಟ್ ಎಂದರೆ ಇಂಬಳ, ಉಣ್ಣಿ, ಹಾವುಗಳಿಗೆ ಬಾಗಿಲು ತೆರೆದಿಟ್ಟಂತೆ. ನಮ್ಮ ಟೆಂಟಿನೊಳಗೆ ಒಲೆಯನ್ನಾಗಲಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಯಾವ ಕಾರಣಕ್ಕೂ ಇಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ.

ಎಷ್ಟೇ ಒಳ್ಳೆಯ ಟೆಂಟಾದರೂ ಜಾಗ ತಪ್ಪಿದರೆ ಕೆಟ್ಟಿತು. ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ನೋಡಿ, ಹೊಳೆ ಅಲ್ಲಿಯವರೆಗೆ ಏರಿತ್ತು ಎಂದು ಅದೇ ಹೇಳುತ್ತದೆ. ಆ ಗೆರೆಗಿಂತ ಮೇಲೆಯೇ ಟೆಂಟ್. ನಿಮ್ಮ ತಲೆಯ ಮೇಲೆ ಮಳೆ ಇಲ್ಲದಿದ್ದರೂ ಭಾಗಮಂಡಲದ ಕಡೆ ಸುರಿದ ನೀರು ಕೆಲವು ಗಂಟೆಗಳಲ್ಲಿ ಕೆಳಗೆ ಬರುತ್ತದೆ. ಹಾರಂಗಿ ಅಣೆಕಟ್ಟೆಯ ಕೆಳಗೆ, ಕೂಡಿಗೆಯ ಆಚೀಚೆ, ಅಣೆಕಟ್ಟೆಯಿಂದ ನೀರು ಬಿಟ್ಟಾಗಲೂ ಹೊಳೆ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯ ಬಿಡಾರದ ಯೋಚನೆಯೇ ಬೇಡ. ನೀರಿಗಿಂತ ಎರಡು ಮೂರು ಮೀಟರ್ ಎತ್ತರದಲ್ಲಿದ್ದರೆ ಇನ್ನೊಂದು ಲಾಭ: ತಣ್ಣನೆ ಗಾಳಿ ತಗ್ಗಿನಲ್ಲಿ ಮಡುಗಟ್ಟುವುದರಿಂದ ಮೇಲೆ ಮಂಜಿನ ತೇವವೂ ಕಡಿಮೆ.

ತೋಟದಲ್ಲಾದರೆ ಸಿಲ್ವರ್ ಓಕ್ ಮರದಡಿ ಮಲಗಬೇಡಿ, ಅದರ ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಆನೆ ನೀರಿಗಿಳಿಯುವ ದಾರಿ ಲದ್ದಿ, ಹೆಜ್ಜೆ, ಸವೆದ ದಂಡೆಯಿಂದ ಗೊತ್ತಾಗುತ್ತದೆ. ತೋಟದ ಕೆಲಸದವರನ್ನು ಕೇಳಿದರೆ ಇನ್ನೂ ಖಚಿತ. ಅಕ್ಕಿ, ಬೆಲ್ಲ, ಬಾಳೆಹಣ್ಣು, ಹಲಸು ಯಾವುದನ್ನೂ ಟೆಂಟಿನೊಳಗೆ ಇಡಬೇಡಿ. ಆನೆಯ ಮೂಗಿಗೆ ಟೆಂಟಿನ ಬಟ್ಟೆ ಅಡ್ಡಿಯೇ ಅಲ್ಲ.

ಟೆಂಟಿನಡಿ ಟಾರ್ಪಾಲು ಹಾಸುವುದಾದರೆ ಅದು ತಳಕ್ಕಿಂತ ಸುತ್ತಲೂ ಎರಡು ಇಂಚು ಚಿಕ್ಕದಿರಲಿ. ಹೊರಗೆ ಚಾಚಿಕೊಂಡರೆ ಫ್ಲೈನಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಅಡಿಗೇ ತರುತ್ತದೆ. ಬೆಂಕಿ ಕನಿಷ್ಠ ಐದು ಮೀಟರ್ ದೂರ, ಕಿಡಿ ಟೆಂಟಿನ ಕಡೆ ಹಾರದ ದಿಕ್ಕಿನಲ್ಲಿ. ಜಿಪ್ಪಿಗೆ ಮರಳು ಸಿಕ್ಕಿದರೆ ಎಳೆದಾಡಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರು ಹನಿಸಿ ತೊಳೆಯಿರಿ. ಎಳೆದರೆ ಜಾರುಗೊಂಡಿ ಸವೆದು, ಮುಚ್ಚಿದ ಜಿಪ್ಪು ಹಿಂದೆಯೇ ಬಿಚ್ಚಿಕೊಳ್ಳತೊಡಗುತ್ತದೆ.

ಹೊರಡುವ ವಾರ ಮೊದಲು ಅಂಗಳದಲ್ಲಿ ಟೆಂಟ್ ಹೂಡಿ, ಪೈಪಿನಿಂದ ಹದಿನೈದು ನಿಮಿಷ ನೀರು ಬಿಡಿ. ಒಳಗೆ ಕೂತು ಟಾರ್ಚು ಹಿಡಿದು ಮೂಲೆಗಳನ್ನು ನೋಡಿ, ಜಿನುಗಿದ ಕಡೆ ಬಟ್ಟೆಯ ಲೇಪಕ್ಕೆ ಹೊಂದುವ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚಿ ಒಂದು ದಿನ ಒಣಗಲು ಬಿಡಿ. ಮರಳಿ ಬಂದ ದಿನವೇ ಬಿಚ್ಚಿ ನೆರಳಿನಲ್ಲಿ ಹರವಿ. ಕೊಡಗಿನಲ್ಲಿ ಟೆಂಟುಗಳು ಹಾಳಾಗುವುದು ಹೊಳೆಬದಿಯಲ್ಲಲ್ಲ, ಅಟ್ಟದ ಮೇಲೆ. ತೇವ ಉಳಿದ ಟೆಂಟನ್ನು ಚೀಲಕ್ಕೆ ತುರುಕಿ ಮಳೆಗಾಲ ಕಳೆದರೆ ಬೂಷ್ಟು ಹಿಡಿಯುತ್ತದೆ, ಒಳಗಿನ, ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ ಅಂಟಂಟಾಗಿ ಹುಳಿ ವಾಸನೆ ಹೊಡೆದು ಪೊರೆಯಂತೆ ಕಿತ್ತು ಬರುತ್ತದೆ. ಅದಕ್ಕೆ ರಿಪೇರಿ ಇಲ್ಲ. ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿ ಸೀರೆಯಲ್ಲೋ ದಿಂಬಿನ ಚೀಲದಲ್ಲೋ ಸಡಿಲವಾಗಿ ಸುತ್ತಿ, ಇಲಿ ಬಾರದ ಕಪಾಟಿನಲ್ಲಿಡಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯ ನಡುವೆ ಒಮ್ಮೆ ಹೊರತೆಗೆದು ಫ್ಯಾನಿನಡಿ ಹರವಿ, ಮತ್ತೆ ಮಡಚುವಾಗ ಹಳೆಯ ಮಡಿಕೆಯ ಮೇಲೆ ಮಡಚಬೇಡಿ.