ಪಿಸಿಸಿಗೆ ಅವಸರ ಬೇಡ

ನಾವು ಅಮೆರಿಕಕ್ಕೆ ಹೋಗಿ ನೆಲೆಸಲೆಂದು ಅಲ್ಲಿರುವ ಅಣ್ಣ ಹಾಕಿದ್ದ ಪಿಟಿಷನ್ (ವೀಸಾ ಅರ್ಜಿ) ಅಪ್ರೂವ್ ಆದ ವಾರವೇ ನಾನು ಡೊಂಬಿವಲಿಯಿಂದ ಓಡಿಹೋಗಿ ನನಗೂ ನಮ್ಮ ಮನೆಯವರಿಗೂ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಮಾಡಿಸಿದೆ. ತಲಾ 500 ರೂಪಾಯಿ, ಸುಮ್ನೆ ದಂಡ. ಒಡಹುಟ್ಟಿದವರ ವೀಸಾ ವರ್ಗವಾದ ಎಫ್4ರಲ್ಲಿ ಸರದಿ ಬರಲು ಹತ್ತು ವರ್ಷಕ್ಕೂ ಜಾಸ್ತಿ ಕಾಯಬೇಕು. ಪಿಸಿಸಿ ನಡೆಯುವುದು 2 ವರ್ಷ ಅಷ್ಟೇ.

ಇಂಟರ್‌ವ್ಯೂಗೆ ಮೊದಲು ಕಾಗದಪತ್ರ ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್ ಅವನ್ನು ಕೇಳುವವರೆಗೆ ಕಾಯಿರಿ. ಫೀಸು ಕಟ್ಟಿ, ಡಿಎಸ್-260 ಎಂಬ ಆನ್‌ಲೈನ್ ವೀಸಾ ಫಾರ್ಮ್ ತುಂಬಿ, ಆಮೇಲೆ ಪಾಸ್‌ಪೋರ್ಟ್ ಸೇವಾದಲ್ಲಿ ಅಪಾಯಿಂಟ್‌ಮೆಂಟ್ ಹಿಡಿಯಿರಿ. 16 ತುಂಬಿದ ಮಕ್ಕಳಿಗೂ ಬೇಕು. ನಮ್ಮ ಚಿಕ್ಕವನ ಹುಟ್ಟುಹಬ್ಬಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಹಾಕಿದ್ದೇನೆ!

ನನ್ನ ಪಾಸ್‌ಪೋರ್ಟಿನಲ್ಲಿ ಇನ್ನೂ ಧಾರವಾಡದ ವಿಳಾಸವಿತ್ತು. ಅದಕ್ಕೇ ಪೊಲೀಸ್ ವಿಚಾರಣೆ ಬಂತು. ಹವಾಲ್ದಾರರು ಬಾಡಿಗೆ ಕರಾರಿನ ಒಂದೊಂದೇ ಹಾಳೆ ತಿರುವಿ ನೋಡಿದರು. ನೀವೂ ಮನೆ ಬದಲಿಸಿದ್ದರೆ ಕೆಲವು ವಾರ ಜಾಸ್ತಿಯೇ ಇಟ್ಟುಕೊಳ್ಳಿ.

ನಮ್ಮ ಮನೆಯವರು 3 ವರ್ಷ ದುಬೈನಲ್ಲಿದ್ದರು. 16 ತುಂಬಿದ ಮೇಲೆ 12 ತಿಂಗಳಾದರೂ ಇದ್ದ ಬೇರೆ ದೇಶದ ಪೊಲೀಸ್ ಸರ್ಟಿಫಿಕೇಟೂ ಬೇಕು. ಆದರೆ ಅಲ್ಲಿಂದ ಬಂದ ಮೇಲೆ ಮಾಡಿಸಿ, ಮತ್ತೆ ಅಲ್ಲಿಗೆ ಹೋಗಿಲ್ಲ ಅಂದರೆ ಹಳೆಯದೇ ನಡೆಯುತ್ತದೆ. ಅದನ್ನು ಬೇಕಾದರೆ ಮೊದಲೇ ಮಾಡಿಸಿಡಿ.

ಮುಂಬೈನ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟಿನ ಇಂಟರ್‌ವ್ಯೂ ಹೊತ್ತಿಗೆ ಭಾರತದ ಪಿಸಿಸಿಗೆ 2 ವರ್ಷ ದಾಟಿದರೆ ಹೊಸದನ್ನೇ ಒಯ್ಯಬೇಕು.